ಕೊನೆಯ ಪ್ಯಾರಾ

ನನ್ನ ಕ್ಲಾಸಿನಲ್ಲಿ ನಾನು ಓದುವುದನ್ನು ಕಲಿಸುತ್ತಿರಲಿಲ್ಲ, ಓದದೆ ಪಾರಾಗುವುದನ್ನು ಕಲಿಸುತ್ತಿದ್ದೆ. ವಿದೇಶಕ್ಕೆ ಹೊರಟ ನರ್ಸ್‌ಗಳು ಬರೆಯಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಓದಿನದೇ ಒಂದು ವಿಭಾಗ. ಮೂರು ಉದ್ದುದ್ದ ಪ್ಯಾಸೇಜು, ನಲವತ್ತು ಪ್ರಶ್ನೆ, ಒಂದೇ ಗಂಟೆ. ಕೂತು ಪೂರ್ತಿ ಓದಿದವರು ಕೆಟ್ಟರು ಎಂದೇ ಲೆಕ್ಕ. ಅದಕ್ಕೆ ನನ್ನ ಪಾಠ ಹೀಗಿತ್ತು: ಮೊದಲು ಪ್ರಶ್ನೆ ನೋಡಿ. ಅದರಲ್ಲಿ ಹೆಸರು, ಇಸವಿ, ಊರು ಏನಿದೆಯೋ ಅದಕ್ಕೆ ಗೆರೆ ಎಳೆಯಿರಿ. ಆಮೇಲೆ ಪ್ಯಾಸೇಜಿನ ಮೇಲೆ ಕಣ್ಣು ಓಡಿಸಿ. ಆ ಹೆಸರು ಸಿಕ್ಕಿದಲ್ಲಿ ನಿಲ್ಲಿ, ಹಿಂದೊಂದು ಮುಂದೊಂದು ವಾಕ್ಯ ಓದಿ, ಉತ್ತರ ಬರೆದು ಜಾಗ ಖಾಲಿ ಮಾಡಿ. "ಬಂಗಡೆ ತರುಕೆ ಮಾರ್ಕೆಟಿಗ್ ಹೋದವ್ರ್ ಅಲ್ಲಿ ಪ್ರದಕ್ಷಿಣೆ ಹಾಕ್ತ್ರಾ?" ಎಂದು ಕೇಳುತ್ತಿದ್ದೆ. ಹುಡುಗಿಯರು ನಗುತ್ತಿದ್ದರು.

ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿನ ಕೋಣೆ. ಹೆದ್ದಾರಿ ಅಗಲ ಮಾಡುತ್ತೇವೆಂದು ಊರನ್ನೆಲ್ಲ ಅಗೆದು ಹಾಕಿ, ಫ್ಲೈಓವರಿನ ಕಂಬಗಳು ಅರ್ಧಕ್ಕೆ ನಿಂತಿದ್ದ ವರ್ಷಗಳವು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಬ್ರಹ್ಮಾವರ, ಬೈಂದೂರು, ಕುಂದಾಪುರದ ಆಸ್ಪತ್ರೆಗಳಿಂದ ನರ್ಸ್‌ಗಳು ಡ್ಯೂಟಿ ಮುಗಿಸಿ ಬರುತ್ತಿದ್ದರು, ಕೆಲವರು ಯೂನಿಫಾರ್ಮಿನಲ್ಲೇ. ಡೆಸ್ಕಿನ ಮೇಲೆ ತಲೆ ಇಟ್ಟು ನಿದ್ದೆ ಹೋದವಳನ್ನು ಸ್ಕೇಲಿನಿಂದ ತಟ್ಟಿ ಎಬ್ಬಿಸುವುದೂ ನನ್ನ ಕೆಲಸವಾಗಿತ್ತು. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು.

ಆ ಬ್ಯಾಚಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು. ಅವರಲ್ಲಿ ಒಬ್ಬಳು ಬೀಜಾಡಿಯವಳು, ಆದ್ದರಿಂದ ಅವಳನ್ನು ಎಲ್ಲರೂ ಬೀಜಾಡಿ ಎಂದೇ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ತಂದೆ ತೀರಿಹೋಗಿದ್ದರು, ಬೋಟಿನವರು. ತಾಯಿ ಮೀನು ಮಾರುವವರು, ಕೆಳಗೆ ಒಬ್ಬಳು ತಂಗಿ. ಹುಡುಗಿ ಚುರುಕು. ಮಾತಾಡಲು ಬಿಟ್ಟರೆ ಇಂಗ್ಲಿಷಿನಲ್ಲೂ ಕುಂದಾಪ್ರ ಕನ್ನಡದಷ್ಟೇ ಬೀಸಾಗಿ ಮಾತಾಡುತ್ತಿದ್ದಳು. ಏಜೆನ್ಸಿಯೊಂದರ ಮೂಲಕ ಐರ್ಲೆಂಡಿನ ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕರಲ್ಲೂ ಒಂಬತ್ತಕ್ಕೆ ಏಳು ಬರಬೇಕು. ಅದೂ ಒಂದೇ ಸಲಕ್ಕೆ.

ನಾವಿಬ್ಬರೂ ಮೊದಲು ಜಗಳ ಮಾಡಿದ್ದು ಹಾವುಮೀನಿನ ಮೇಲೆ. ಪ್ರತಿ ಬ್ಯಾಚಿಗೂ ನಾನು ಕೊಡುತ್ತಿದ್ದ ಪ್ಯಾಸೇಜು ಅದು. ಹಾವುಮೀನು ಮೊಟ್ಟೆ ಇಡಲು ಹೊಳೆಗೆ ಬರುತ್ತದೆ, ಸರಿಯೋ ತಪ್ಪೋ ಎಂಬ ಪ್ರಶ್ನೆ. ಅದು ಹೊಳೆ ಬಿಟ್ಟು ದೂರದ ಸಮುದ್ರಕ್ಕೆ ಹೋಗುತ್ತದೆ ಎಂದು ಪ್ಯಾಸೇಜಿನಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಬರೆದಿತ್ತು. ಬೀಜಾಡಿ 'ಸರಿ' ಎಂದು ಹಾಕಿದ್ದಳು.

"ಇದ್ ಹ್ಯಾಂಗ್ ಸರಿ?" ಎಂದೆ.

"ಮಳಿಗಾಲಕ್ಕೆ ಕೋಡಿ ಅಳಿವಿ ಹತ್ರ ಮರಿಯೆಲ್ಲ ಹೊಳಿಗ್ ಹತ್ತುದ್ ನಮ್ಮಪ್ಪಯ್ಯ ಕಂಡಿದ್ರ್ ಮೇಡಂ."

"ಈ ಪ್ಯಾಸೇಜ್ ಬರ್ದದ್ ನಿನ್ನ್ ಅಪ್ಪಯ್ಯನಾ?"

"ಅಲ್ಲ. ಆದ್ರೆ ಇದ್ ಬರ್ದವ್ರ್ ಮೀನ್ ಕಂಡವ್ರೇ ಅಲ್ಲ ಕಾಣಿ."

ಇಡೀ ಕ್ಲಾಸು ಗೊಳ್ಳೆಂದಿತು. ನಮ್ಮ ಕರಾವಳಿಯ ಮಕ್ಕಳ ರೋಗವೇ ಇದು. ಮೀನಿನ ವಿಷಯ ಬಂದರೆ ಪ್ಯಾಸೇಜು ಬಿಟ್ಟು ಅಪ್ಪ ಹೇಳಿದ್ದನ್ನು ಬರೆಯುತ್ತಾರೆ, ಕಾಯಿಲೆಯ ವಿಷಯ ಬಂದರೆ ವಾರ್ಡಿನಲ್ಲಿ ಕಂಡದ್ದನ್ನು ಬರೆಯುತ್ತಾರೆ. "ಪ್ಯಾಸೇಜ್ ಅಂದ್ರೆ ಗಂಡನ ಮನೆ ಅಂದ್ಕಣಿ. ಅಲ್ಲಿ ಅವ್ರ್ ಹೇಳದ್ದೇ ಸರಿ. ನಿಮ್ಮ ತವರಿನ ಸುದ್ದಿ ಅಲ್ಲಿ ತೆಗೀಬೇಡಿ," ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದೆ. ಆ ಪ್ಯಾಸೇಜಿನ ಕೊನೆಯ ಪ್ಯಾರಾದಿಂದ ಪ್ರಶ್ನೆ ಇರಲಿಲ್ಲ. ಕೊನೆಯದನ್ನು ಮುಟ್ಟಬೇಡಿ, ಅದು ಅಲಂಕಾರಕ್ಕೆ ಇಟ್ಟದ್ದು ಎಂದೆ.

"ಅದ್ರಲ್ ಎಂತ ಇತ್ತ್ ಮೇಡಂ?" ಎಂದು ಬೀಜಾಡಿ ಕೇಳಿದಳು.

"ಯಾರಿಗ್ ಗೊತ್ತ್ ಮಾರಾಯ್ತಿ! ಮುಂದಿನ ಪೇಜ್ ತೆಗಿ."

ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಅಷ್ಟು ಬ್ಯಾಚಿಗೆ ಕಲಿಸಿದ್ದರೂ ನಾನೂ ಅಲ್ಲಿಯ ತನಕ ಓದಿರಲಿಲ್ಲ.

ಮೊದಲ ಸಲ ಅವಳು ಪರೀಕ್ಷೆ ಬರೆದಾಗ ಕೇಳುವುದರಲ್ಲಿ ಏಳೂವರೆ, ಮಾತಿನಲ್ಲಿ ಏಳೂವರೆ, ಬರವಣಿಗೆಯಲ್ಲಿ ಏಳು ಬಂತು. ಓದಿನಲ್ಲಿ ಆರು. ನನಗೆ ತಲೆಯೇ ಕೆಟ್ಟಿತು. ಇಷ್ಟು ಇಂಗ್ಲಿಷ್ ಬರುವವಳಿಗೆ ಆರು ಹೇಗೆ ಬರುತ್ತದೆ? ಸೋಮಾರಿತನ ಎಂದುಕೊಂಡು ವೇಗದ ಅಭ್ಯಾಸ ಹೆಚ್ಚಿಸಿದೆ. ದಿನಕ್ಕೊಂದು ಪೇಪರು ಕೊಟ್ಟೆ. ಅವಳು ಮೇಲೆ ಬರುವ ಬದಲು ಇನ್ನೂ ಕೆಳಗೆ ಜಾರಿದಳು.

ತಪ್ಪಾದ ಉತ್ತರ ಯಾವುದು ಎಂದು ಎಲ್ಲ ಮೇಷ್ಟ್ರುಗಳೂ ನೋಡುತ್ತಾರೆ. ಆ ಉತ್ತರ ಪುಟದಲ್ಲಿ ಎಲ್ಲಿ ಇತ್ತು ಎಂದು ನೋಡುವುದು ನನ್ನ ಅಭ್ಯಾಸ. ಅವಳ ಹಳೆಯ ಪೇಪರುಗಳನ್ನೆಲ್ಲ ಹರಡಿಕೊಂಡು, ತಪ್ಪಿದ ಪ್ರತಿ ಉತ್ತರವೂ ಪ್ಯಾಸೇಜಿನಲ್ಲಿ ಇದ್ದ ಜಾಗಕ್ಕೆ ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ಸಮಯ ಸಾಲದವರ ಗುರುತುಗಳು ಕೊನೆಯ ಪುಟದಲ್ಲಿ ಗುಂಪಾಗುತ್ತವೆ. ಶಬ್ದ ತಿಳಿಯದವರವು ಕಷ್ಟದ ವಾಕ್ಯಗಳ ಮೇಲೆ ಬೀಳುತ್ತವೆ. ಇವಳವು ಎರಡೂ ಅಲ್ಲ. ಒಂದು ಸಾಲಿನ ಬಲತುದಿಯಲ್ಲಿ ಶುರುವಾಗಿ ಮುಂದಿನ ಸಾಲಿನ ಎಡತುದಿಗೆ ಮುಗಿಯುವ ಉತ್ತರಗಳನ್ನೇ ಅವಳು ತಪ್ಪಿಸಿದ್ದಳು. ಅರ್ಧ ಇಲ್ಲಿಂದ ಹಿಡಿದು, ಇನ್ನರ್ಧವನ್ನು ಬೇರೆ ಯಾವುದೋ ಸಾಲಿನಿಂದ ಎತ್ತಿದ್ದಳು. ಅಂದರೆ ಸಾಲು ಬದಲಿಸುವಾಗ ಅವಳ ಕಣ್ಣು ದಾರಿ ತಪ್ಪುತ್ತಿತ್ತು. ಇನ್ನೂ ಹಿಂದೆ ಹೋಗಿ ನೋಡಿದರೆ, ಸೇರಿದ ಹೊಸತರ ಪೇಪರುಗಳು ಚೆನ್ನಾಗಿದ್ದವು. ಆಗ ಅವಳು ಬೆರಳಿಟ್ಟು ಓದುತ್ತಿದ್ದಳು. ಬೆರಳಿಟ್ಟು ಓದುವುದು ಒಂದನೇ ಕ್ಲಾಸಿನವರ ಕೆಲಸ ಎಂದು ಹೇಳಿ ಅದನ್ನು ಬಿಡಿಸಿದ್ದೆ. ಎಲ್ಲ ಕೋಚಿಂಗಿನವರೂ ಹಾಗೆಯೇ ಹೇಳುತ್ತಾರೆ.

ಅದರ ಅರ್ಥ ಏನೆಂದು ನನಗೆ ಹೊಳೆದದ್ದು ಮಳೆಗಾಲದ ಒಂದು ಸಂಜೆ. ಬೀಜಾಡಿ ಯಾವಾಗಲೂ ಕಿಟಕಿಯ ಬದಿಯ ಬೆಂಚಿನಲ್ಲೇ ಕೂರುತ್ತಿದ್ದಳು, ಬೆಳಕಿರುವಾಗಲೇ ಹೊರಡುತ್ತಿದ್ದಳು, ಹೊರಡುವಾಗ ಯಾರಾದರೂ ಒಬ್ಬಳ ತೋಳಿಗೆ ತೋಳು ಸೇರಿಸಿಕೊಳ್ಳುತ್ತಿದ್ದಳು. ಹುಡುಗಿಯರು ಹಾಗೆ ನಡೆದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಪಕ್ಕದಲ್ಲಿ ಇಟ್ಟ ಚಹಾದ ಲೋಟಕ್ಕೆ ಕೈ ತಾಗಿಸಿ ಚೆಲ್ಲುವುದಂತೂ ವಾರಕ್ಕೊಮ್ಮೆ ಇದ್ದದ್ದೇ. "ನಿಂಗ್ ಮದಿ ಗ್ಯಾನ" ಎಂದು ಗೆಳತಿಯರು ಮದುವೆಯ ಮಾತೆತ್ತಿ ತಮಾಷೆ ಮಾಡುತ್ತಿದ್ದರು. ಆ ಸಂಜೆ ನಾನೇ ಇನ್ನೊಂದು ಪೇಪರು ಮಾಡಿಸುತ್ತೇನೆಂದು ಅವಳೊಬ್ಬಳನ್ನು ಉಳಿಸಿಕೊಂಡಿದ್ದೆ. ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಮೆಟ್ಟಿಲಿನ ತಲೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಇಳಿ ಮಾರಾಯ್ತಿ, ಬಸ್ಸ್ ಹೋತ್ತ್," ಎಂದೆ.

ಅವಳು ಗಾಳಿಯಲ್ಲಿ ಕೈ ಆಡಿಸಿ ನನ್ನ ತೋಳನ್ನು ಹುಡುಕಿ ಹಿಡಿದಳು. ಉಗುರು ನಾಟುವಷ್ಟು ಬಿಗಿಯಾಗಿ. ಹೊರಗೆ ಇನ್ನೂ ಬೆಳಕಿತ್ತು. ಕನ್ನಡಕ ಹಾಕುವ ನನಗೇ ಎದುರಿನ ಅಂಗಡಿಯ ಬೋರ್ಡು ಓದಲು ಬರುತ್ತಿತ್ತು.

"ನಿಂಗೆ ಕಾಂತಿಲ್ಯಾ?"

"ಕಪ್ಪಾರೆ ಸ್ವಲ್ಪ ಕಡ್ಮಿ ಮೇಡಂ."

"ಸ್ವಲ್ಪವಾ?"

ಅವಳನ್ನು ಮತ್ತೆ ಕೋಣೆಗೆ ಕರೆದುಕೊಂಡು ಬಂದು, ಮೇಣದ ಬತ್ತಿ ಹಚ್ಚಿ ಕೂರಿಸಿದೆ. ಆಗ ಹೇಳಿದಳು. ಸಣ್ಣವಳಿರುವಾಗಲೇ ರಾತ್ರಿ ಕಾಣುತ್ತಿರಲಿಲ್ಲವಂತೆ. ಮನೆಯಲ್ಲಿ ನುಗ್ಗೆಸೊಪ್ಪು ತಿನ್ನಿಸಿದರು, ಮೀನೆಣ್ಣೆ ಕುಡಿಸಿದರು. ಈಗ ಎರಡು ಮೂರು ವರ್ಷದಿಂದ ಹಗಲಿನಲ್ಲೂ ಬದಿಗೆ ಇರುವುದು ಕಾಣುತ್ತಿಲ್ಲ. "ಪೈಪಿನ್ ಒಳ್ಗಿಂದ ಕಂಡಂಗ್ ಆತ್ತ್," ಎಂದಳು. ತಾಯಿಯ ತಂದೆಗೂ ಹೀಗೇ ಇತ್ತಂತೆ, ಅವರನ್ನು ರಾತ್ರಿಯ ದೋಣಿಗೆ ಯಾರೂ ಕರೆದೊಯ್ಯುತ್ತಿರಲಿಲ್ಲ. ಅದೇ ಅಜ್ಜನ ತಂಗಿಯ ಮಗ ಇವಳ ಅಪ್ಪ. ಸೋದರಮಾವನ ಮಗಳನ್ನು ತಂದುಕೊಂಡರೆ ಸಂಬಂಧ ಗಟ್ಟಿ ಎಂದು ಮಾಡಿದ ಮದುವೆ. ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಸಂಬಂಧ ಇಲ್ಲ ಎಂದೇ ಎಲ್ಲರ ಲೆಕ್ಕ.

"ನರ್ಸ್ ಆಯಿ ನಿಂಗ್ ಇದ್ ಎಂತ ಅಂತ ಗೊತ್ತಾಯಿಲ್ಯಾ?" ಎಂದು ರೇಗಿದೆ.

"ಗೊತ್ತಾಯ್ತ್ ಮೇಡಂ. ಅದ್ಕೇ ಡಾಕ್ಟ್ರ್ ಹತ್ರ ಹೋಯಿಲ್ಲೆ."

ಮೇಣದ ಬತ್ತಿ ಎತ್ತಿಕೊಂಡು, ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದೆ.

ಒತ್ತಾಯ ಮಾಡಿ ಉಡುಪಿಯ ಕಣ್ಣಿನ ವೈದ್ಯರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಬಿಳಿ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖ ಇಡಿಸಿ, ಕೈಗೆ ಗುಂಡಿ ಕೊಡುತ್ತಾರೆ. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗಲೆಲ್ಲ ಒತ್ತಬೇಕು. ನಾನು ಪರದೆಯ ಈಚೆ ಕೂತು ಆ ಗುಂಡಿಯ ಸದ್ದನ್ನೇ ಕೇಳುತ್ತಿದ್ದೆ. ಒಂದು ಸಲ ಟಕ್ ಎಂದರೆ ಆಮೇಲೆ ಎಷ್ಟೋ ಹೊತ್ತು ಸದ್ದೇ ಇಲ್ಲ. ಒತ್ತು ಮಗಳೇ, ಒತ್ತು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಒಂದು ಕಾಗದ ಬಂತು. ಸುತ್ತ ಕಪ್ಪು, ನಡುವೆ ಸಣ್ಣದೊಂದು ಬಿಳಿ. ವೈದ್ಯರು ಬಿಡಿಸಿ ಹೇಳಿದರು. ರಕ್ತದಲ್ಲೇ ಬಂದದ್ದು, ಮದ್ದಿಲ್ಲ. ಬಿಳಿ ಕಡಿಮೆಯಾಗುತ್ತಾ ಹೋಗುತ್ತದೆ. ನಡುವಿನದು ಕೆಲವು ವರ್ಷ ಉಳಿಯಬಹುದು, ಎಷ್ಟು ಎಂದು ಹೇಳಲಾಗದು. ರಾತ್ರಿ ಡ್ಯೂಟಿ ಬೇಡವೇ ಬೇಡ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತು, ತಲೆಯನ್ನು ಆಚೆ ಈಚೆ ತಿರುಗಿಸಿ ತಿರುಗಿಸಿ ಹೊರಗೆ ನೋಡುತ್ತಿದ್ದಳು. ಬ್ರಹ್ಮಾವರ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ನಂಗ್ ಐರ್ಲೆಂಡಿಗ್ ಎಂತಕೆ ಹೋಯ್ಕ್, ಗೊತ್ತಿತ್ತಾ ಮೇಡಂ?"

"ಸಂಬ್ಳಕ್ಕೆ. ಮತ್ತೆಂತಕೆ?"

"ಕಾಂಬುಕೆ. ಬೀಜಾಡಿಂದ ಮಂಗ್ಳೂರ್ ತನ್ಕ ಅಷ್ಟೇ ನಾನ್ ಕಂಡದ್ದ್. ಕಣ್ಣ್ ಇಪ್ಪಷ್ಟ್ ದಿನ ಸ್ವಲ್ಪ ಲೋಕ ಕಂಡ್ಕಂಡ್ ಬತ್ತೆ. ಆಮೇಲ್ ಮನ್ಯಗೆ ಕೂಕಂತೆ."

"ಅಲ್ಲಿ ಚಳಿಗಾಲಕ್ಕೆ ಹಗಲು ನಾಲ್ಕ್ ಗಂಟಿಗೇ ಕಪ್ಪ್ ಆತ್ತಂಬ್ರಲೆ."

"ಬ್ಯಾಸ್ಗಿಗೆ ರಾತ್ರಿ ಹತ್ತ್ ಗಂಟಿ ತನ್ಕ ಬೆಳ್ಕ್ ಇರತ್ತಂಬ್ರ್ ಮೇಡಂ. ಹತ್ತ್ ಗಂಟಿ ತನ್ಕ!"

ಅದನ್ನು ಹೇಳುವಾಗ ಅವಳ ಮುಖ ಎಷ್ಟು ಅರಳಿತ್ತೆಂದರೆ, ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆಪ ಮಾಡಿಕೊಂಡು ಅತ್ತುಬಿಟ್ಟೆ.

ಎರಡು ದಿನ ಬಿಟ್ಟು ಅವಳ ತಾಯಿ ಬಂದರು. ಮೀನಿನ ಬುಟ್ಟಿಯನ್ನು ಕೆಳಗೆ ಅಂಗಡಿಯ ಜಗಲಿಯಲ್ಲಿ ಇಟ್ಟು, ಕೈ ತೊಳೆದುಕೊಂಡು ಮೇಲೆ ಹತ್ತಿ ಬಂದಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಟೀಚರಮ್ಮ, ಸಣ್ಣವ್ಳಿಗ್ ಒಂದ್ ಗಂಡ್ ಮಾತಾಡಿತ್ತ್. ಈ ಸುದ್ದಿ ಹೊರ್ಗ್ ಬಿದ್ರೆ ಅವ್ರ್ ಬತ್ತಿಲ್ಲೆ. ನಿಮ್ ಕಾಲಿಗ್ ಬೀಳ್ತೆ, ಯಾರಿಗೂ ಹೇಳ್ಬೇಡಿ."

"ನಾನ್ ಎಂತಕ್ ಹೇಳ್ಲಿ? ಆದ್ರೆ ಇವ್ಳ್ ಕಣ್ಣಿನ್ ಗತಿ ಎಂತ?"

"ಗೊತ್ತಿತ್ತ್ ಅಮ್ಮ. ನಮ್ಮಪ್ಪಯ್ಯನ ಕೈ ಹಿಡ್ದ್ ನಡ್ಸದ್ದೇ ನಾನ್. ಅವ್ಳಿಗ್ ಎಂತ ಬತ್ತ್ ಅಂತ ನಂಗ್ ಗೊತ್ತಿಲ್ದೆ ಇಪ್ಪತ್ತಾ? ಅವ್ಳಿಗ್ ಆಸಿ ಇತ್ತ್. ಹ್ಯಾಂಗಾರೂ ಮಾಡಿ ಪಾಸ್ ಮಾಡ್ಸಿ."

ಇಲ್ಲಿ ನನಗೊಂದು ದಾರಿ ಇತ್ತು. ಪರೀಕ್ಷೆ ನಡೆಸುವವರಿಗೆ ವೈದ್ಯರ ಪತ್ರ ಕೊಟ್ಟು ಮೊದಲೇ ಕೇಳಿದರೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೊಡುತ್ತಾರೆ, ಸಮಯವೂ ಸ್ವಲ್ಪ ಹೆಚ್ಚು ಸಿಗುತ್ತದೆ. ಬೀಜಾಡಿ ಒಪ್ಪಲೇ ಇಲ್ಲ. ಪತ್ರ ಕೊಟ್ಟರೆ ಏಜೆನ್ಸಿಗೆ ಗೊತ್ತಾಗುತ್ತದೆ, ತಂಗಿಯ ಮದುವೆಗೂ ಕಲ್ಲು ಬೀಳುತ್ತದೆ ಎಂದಳು. ನಾನೂ ಬಿಡಲಿಲ್ಲ. "ಬದಿಗೆ ಕಾಣದ ನರ್ಸ್ ರೋಗಿಯ ಬದಿಯಲ್ಲಿ ನಿಲ್ಲಬಹುದಾ? ನೀನೇ ಹೇಳು," ಎಂದು ಮುಖದ ಮೇಲೇ ಕೇಳಿದೆ. ಅವಳು "ಸುಳ್ಳ್ ಹೇಳಿ ಹೋತಿಲ್ಲೆ ಮೇಡಂ. ಪಾಸ್ ಆದ್ ಮೇಲೆ ನಾನೇ ಹೇಳ್ತೆ. ಬ್ಯಾರೆ ಎಂತ ಕೆಲ್ಸ ಕೊಟ್ರೂ ಮಾಡ್ತೆ. ಆದ್ರೆ ಓದುಕ್ ಬಾರ್ದೆ ಇಲ್ಲೇ ಉಳ್ದೆ ಅಂತ ಆಪ್ಪುದ್ ಬ್ಯಾಡ," ಎಂದಳು. ಹಾಗಾದರೆ ಸರಿ ಎಂದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಆಗ ನನ್ನ ಇಡೀ ವಿದ್ಯೆಯನ್ನು ಮೂಲೆಗೆ ಎಸೆಯಬೇಕಾಯಿತು. ಕಣ್ಣು ಓಡಿಸಿ ಹುಡುಕುವ ನನ್ನ ಉಪಾಯವೆಲ್ಲ ನಿಂತಿದ್ದು ಕಣ್ಣಿನ ಅಂಚಿನ ಮೇಲೆ. ದೂರದಲ್ಲಿರುವ ಹೆಸರೋ ಇಸವಿಯೋ ಅಂಚಿನಲ್ಲಿ ಮಿಂಚಿದಾಗ ಕಣ್ಣು ಅಲ್ಲಿಗೆ ಹಾರುತ್ತದೆ. ಅವಳಿಗೆ ಅಂಚೇ ಇಲ್ಲ. ಅವಳು ಮೊದಲ ಸಾಲಿನಿಂದ ಒಂದೊಂದೇ ಸಾಲು ಓದಿಕೊಂಡೇ ಹೋಗಬೇಕು, ಆದರೆ ಎಲ್ಲರಿಗಿಂತ ಬೇಗ. ಓದದಿರುವುದನ್ನು ಕಲಿಸಿಕೊಂಡು ಬಂದ ನಾನು ಆ ವಯಸ್ಸಿನಲ್ಲಿ ಓದುವುದನ್ನು ಕಲಿಸಲು ಕೂತೆ.

ಪರೀಕ್ಷೆಯ ಕೋಣೆಯೊಳಗೆ ಪೆನ್ಸಿಲು, ರಬ್ಬರು ಬಿಟ್ಟರೆ ಏನನ್ನೂ ಒಯ್ಯುವಂತಿಲ್ಲ. ಸ್ಕೇಲು ಇಲ್ಲ, ಕಾಗದದ ಪಟ್ಟಿ ಇಲ್ಲ. ಆದರೆ ಉತ್ತರ ಪತ್ರಿಕೆಯನ್ನು ಅವರೇ ಕೊಡುತ್ತಾರಲ್ಲ. ಅದರ ಅಂಚನ್ನೇ ಸಾಲಿನ ಕೆಳಗೆ ಹಿಡಿದು, ಒಂದೊಂದೇ ಸಾಲಿಗೆ ಇಳಿಸುವುದು. ಎಡಗೈಯ ಹೆಬ್ಬೆರಳನ್ನು ಸಾಲು ಶುರುವಾಗುವಲ್ಲಿ ಇಡುವುದು, ಬಲತುದಿ ಮುಟ್ಟಿದ ಕಣ್ಣು ವಾಪಸು ಆ ಉಗುರಿಗೇ ಬರಬೇಕು. ಪ್ರಶ್ನೆಗಳನ್ನು ಮೊದಲೇ ಎರಡು ಸಲ ಓದಿ ನೆನಪಿನಲ್ಲಿ ಇಟ್ಟುಕೊಳ್ಳುವುದು. ಕೊನೆಯ ಉತ್ತರ ಸಿಕ್ಕಿದ ಕೂಡಲೇ ಉಳಿದದ್ದನ್ನು ಬಿಟ್ಟು ಮುಂದಿನ ಪ್ಯಾಸೇಜಿಗೆ ಹೋಗುವುದು. ಆ ಒಂದು ಹಳೆಯ ನಿಯಮ ಮಾತ್ರ ಉಳಿಯಿತು, ಸಮಯಕ್ಕೆ ಬೇರೆ ದಾರಿ ಇರಲಿಲ್ಲ.

ಮೊದಮೊದಲು ಎಲ್ಲ ಎಡವಟ್ಟು. ಅಂಚು ಹಿಡಿಯಲು ಬೇಕಾದ ಕಾಗದದ ಮೇಲೆಯೇ ಉತ್ತರ ಬರೆಯಬೇಕಲ್ಲ! ಸಾಲಿನಿಂದ ಎತ್ತಿದರೆ ಜಾಗ ತಪ್ಪುತ್ತಿತ್ತು. ಪ್ಯಾಸೇಜಿನ ಬದಿಯಲ್ಲಿ ಉತ್ತರ ಗೀಚಿಟ್ಟು ಕೊನೆಗೆ ಒಟ್ಟಿಗೆ ಇಳಿಸೋಣವೆಂದರೆ ಸಮಯ ಸಾಲದು. ಒಂದೊಂದು ಪ್ಯಾಸೇಜು ಮುಗಿದ ಹಾಗೆ ಇಳಿಸು ಎಂದೆ. ಒಂದು ದಿನ ಉತ್ತರಗಳೆಲ್ಲ ಸರಿ ಇದ್ದವು, ಇಳಿಸುವಾಗ ಒಂದು ಮನೆ ಜಾರಿ ಎಲ್ಲವೂ ಪಕ್ಕದ ನಂಬರಿಗೆ ಹೋಗಿ ಕೂತಿದ್ದವು. ಅವಳು ಪೆನ್ಸಿಲು ಎಸೆದು, ಮುಖ ಮುಚ್ಚಿಕೊಂಡು ಅತ್ತಳು. ನಾನು ಬೈಯಲಿಲ್ಲ. ಕೆಳಗೆ ಹೋಗಿ ಇಬ್ಬರಿಗೂ ಗೋಳಿಬಜೆ ತಂದೆ. ತಿಂದು, ಕೈ ಒರೆಸಿ, ಮತ್ತೆ ಮೊದಲಿಂದ ಶುರು ಮಾಡಿದೆವು.

ಪರೀಕ್ಷೆ ಮಂಗಳೂರಿನಲ್ಲಿ. ನಾನೂ ಜೊತೆಗೆ ಹೋದೆ. ಕೋಣೆಯೊಳಗೆ ಯಾವ ಜಾಗ ಸಿಗುತ್ತದೋ, ಬೆಳಕು ಹೇಗಿರುತ್ತದೋ ಎಂಬುದೇ ಚಿಂತೆ. ಹೊರಗೆ ಮರದ ಕೆಳಗೆ ಕೂತು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಮಧ್ಯಾಹ್ನ ಎಲ್ಲರ ಹಿಂದೆ, ಗೋಡೆಗೆ ಕೈ ತಾಗಿಸಿಕೊಂಡು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಟ್ಯೂಬ್‌ಲೈಟ್ ನನ್ ತಲಿ ಮೇಲೇ ಇತ್ತ್ ಮೇಡಂ! ಮೂರೂ ಮುಗ್ಸಿದೆ!"

ಫಲಿತಾಂಶ ಬಂದಾಗ ಓದಿನಲ್ಲಿ ಏಳೂವರೆ ಇತ್ತು. ಅದನ್ನು ನೋಡಿ ನಾನು ಕೂಗಿದ ಕೂಗಿಗೆ ಕೆಳಗಿನ ಅಂಗಡಿಯವರು ಮೇಲೆ ಓಡಿ ಬಂದರು. ಆಮೇಲೆ ಉಳಿದದ್ದನ್ನು ನೋಡಿದೆ. ಕೇಳುವುದು ಏಳೂವರೆ. ಮಾತು ಎಂಟು. ಬರವಣಿಗೆ ಆರೂವರೆ.

ಕಳೆದ ಸಲ ಏಳು ಬಂದಿದ್ದ ಬರವಣಿಗೆ. ಓದು ಮುಗಿದ ಬೆನ್ನಿಗೇ ಬರವಣಿಗೆ ಶುರುವಾಗುತ್ತದೆ, ನಡುವೆ ಬಿಡುವಿಲ್ಲ. ಇದ್ದಬದ್ದ ಕಣ್ಣನ್ನೆಲ್ಲ ಓದಿಗೆ ಸುರಿದು, ಬರೆಯುವ ಹೊತ್ತಿಗೆ ಅವಳಿಗೆ ತಾನು ಬರೆದ ಸಾಲೇ ಕಾಣುತ್ತಿರಲಿಲ್ಲವಂತೆ. ಎಲ್ಲಿ ನಿಲ್ಲಿಸಿದೆನೋ ಅದೂ ಗೊತ್ತಾಗದೆ ಒಂದು ಪ್ಯಾರಾ ಹಾಗೇ ಬಿಟ್ಟುಹೋಯಿತಂತೆ. ಮರುಮೌಲ್ಯಮಾಪನಕ್ಕೆ ಕೊಟ್ಟೆವು. ಆರೂವರೆಯೇ ಉಳಿಯಿತು. ದೇವರಿಗೆ ನಾನು ಅವತ್ತು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

"ಓದುದ್ ಬಂತಲೆ ಮೇಡಂ," ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಇನ್ನೊಂದು ಸಲ ಪರೀಕ್ಷೆಗೆ ಕಟ್ಟು ಎಂದೆ. ಕಟ್ಟುತ್ತೇನೆ ಎಂದಿದ್ದಳು. ಅಷ್ಟರಲ್ಲಿ ವಾರ್ಡಿನಲ್ಲಿ ಒಂದು ಘಟನೆ ನಡೆಯಿತು. ಡ್ರೆಸಿಂಗ್ ಟ್ರಾಲಿ ತಳ್ಳಿಕೊಂಡು ಹೋಗುವಾಗ, ರೋಗಿಯೊಬ್ಬರನ್ನು ನೋಡಲು ಬಂದಿದ್ದ ಪುಟ್ಟ ಮಗು ಬದಿಯಲ್ಲಿ ನಿಂತದ್ದು ಅವಳಿಗೆ ಕಾಣಲಿಲ್ಲ. ಟ್ರಾಲಿ ತಾಗಿ ಮಗು ಬಿತ್ತು. ಏನೂ ಆಗಲಿಲ್ಲ, ಸ್ವಲ್ಪ ಅತ್ತು ಸುಮ್ಮನಾಯಿತು. ಮಗುವಿನ ತಾಯಿಯೇ ಪರವಾಗಿಲ್ಲ ಎಂದರಂತೆ. ಬೀಜಾಡಿ ಮಾತ್ರ ನೆಟ್ಟಗೆ ಹಿರಿಯ ಸಿಸ್ಟರ್ ಬಳಿಗೆ ಹೋಗಿ, ಉಡುಪಿಯ ಆ ಕಪ್ಪು ಬಿಳಿ ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಅವರು ಒಳ್ಳೆಯವರು, ಅವಳನ್ನು ವಾರ್ಡಿನಿಂದ ತೆಗೆದು ಫೋನಿನ ಹತ್ತಿರ ಕೂರಿಸಿದರು. ಆದರೆ ಆಸ್ಪತ್ರೆಗೆ ಗೊತ್ತಾದದ್ದು ಊರಿಗೆ ಗೊತ್ತಾಗಲು ಎಷ್ಟು ಹೊತ್ತು? ತಂಗಿಯನ್ನು ಕೇಳಿದ್ದ ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ತಾಯಿ ಇವಳ ಬಟ್ಟಲಿಗೆ ಮೀನಿನ ನಡುತುಂಡು ಹಾಕಿದರಂತೆ.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಅವಳು ಇನ್ನು ಪರೀಕ್ಷೆ ಬರೆಯುವುದಿಲ್ಲ ಎಂದು ನನ್ನ ಪುಸ್ತಕಗಳನ್ನು ಹಿಂದಕ್ಕೆ ಕೊಡಲು ಬಂದಳು. ಆಗ ಕ್ಲಾಸು ಇರಲಿಲ್ಲ. ತಾಯಿ ಜೊತೆಗಿದ್ದರು, ಈ ಸಲ ಕೂತರು. ಕಿಟಕಿಯ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು.

"ಮೇಡಂ, ನಾನ್ ಇಷ್ಟ್ ಓದ್ದೆ, ಒಂದಾರೂ ಪ್ಯಾಸೇಜ್ ಪೂರ್ತಿ ಓದಿಲ್ಲೆ. ಉತ್ತರ ಸಿಕ್ಕದ್ದೇ ಬಿಟ್ಟ್ ಓಡದ್ದ್. ಆ ಹಾವುಮೀನಿದ್ದ್ ಇತ್ತಾ?"

ತೆಗೆದು ಕೊಟ್ಟೆ. ಅವಳು ಬೆರಳು ಇಟ್ಟು ಓದಲು ಶುರು ಮಾಡಿದಳು, ಗಟ್ಟಿಯಾಗಿ. ಒಂದೆರಡು ಸಾಲು ಇಂಗ್ಲಿಷಿನಲ್ಲಿ ಓದುವುದು, ತಾಯಿಗೆ ನಮ್ಮ ಭಾಷೆಯಲ್ಲಿ ಹೇಳುವುದು. ಯಾವುದೋ ದೂರದ ಸಮುದ್ರದಲ್ಲಿ ಹುಟ್ಟಿ, ತೇಲಿ ಬಂದು ಹೊಳೆ ಹತ್ತಿ, ವರ್ಷಗಟ್ಟಲೆ ಅಲ್ಲಿದ್ದು, ಒಂದು ಮಳೆಗಾಲದಲ್ಲಿ ಹುಟ್ಟಿದ ಕಡೆಗೇ ಹೊರಡುವ ಮೀನಿನ ಕಥೆ.

"ಅಷ್ಟ್ ದೂರ ಹೋತ್ತಾ? ದಾರಿ ಹ್ಯಾಂಗ್ ಗೊತ್ತಾತ್ತ್?" ಎಂದು ತಾಯಿ ಕೇಳಿದರು.

"ಅದ್ ಯಾರಿಗೂ ಗೊತ್ತಿಲ್ಲೆ ಅಂಬ್ರ್."

"ನಿನ್ ಅಪ್ಪಯ್ಯ ಇದ್ದಿರೆ ಹೇಳ್ತಿದ್ರ್," ಎಂದರು ತಾಯಿ. ಮೂವರೂ ನಕ್ಕೆವು.

ಕೊನೆಯ ಪ್ಯಾರಾ ಬಂತು. ಅವಳ ಬೆರಳು ನಿಧಾನವಾಯಿತು. ಓದಿದಳು, ನಿಂತಳು, ಅದೇ ಸಾಲನ್ನು ಇನ್ನೊಮ್ಮೆ ಓದಿದಳು. ನಾನೂ ಬಗ್ಗಿ ಆ ಸಾಲು ಓದಿದೆ. ಇಷ್ಟು ವರ್ಷ ಆ ಪುಟ ನನ್ನ ಕೈಯಲ್ಲೇ ಇತ್ತು.

"ಎಂತ ಇತ್ತ್ ಹೆಣೆ? ಹೇಳ್," ಎಂದರು ತಾಯಿ.

"ಹೊಳಿ ಬಿಟ್ಟ್ ಹೊರಡುಕೆ ಮುಂಚೆ ಅದ್ರ್ ಕಣ್ಣ್ ದೊಡ್ಡ ಆತ್ತಂಬ್ರ್ ಅಮ್ಮ. ಇದ್ದದ್ದಕ್ಕಿಂತ ಎಷ್ಟೋ ದೊಡ್ಡ. ಸಮುದ್ರದ್ ಅಡಿಯೆಲ್ಲ ಕಪ್ಪಲ್ದಾ? ಆ ಕಪ್ಪಲ್ಲಿ ಕಾಂಬುಕೆ."

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮೀನಿಗ್ ಕೊಟ್ಟ ದೇವ್ರ್," ಎಂದರು. "ನನ್ ಮಗ್ಳಿಗ್ ಕೊಡ್ಲಿಲ್ಲೆ."

"ಅಮ್ಮ, ಸುಮ್ನಿರ್," ಎಂದಳು ಬೀಜಾಡಿ. ಅವಳ ಬೆರಳು ಪುಟದ ಎಡತುದಿಯನ್ನು ತಡವಿ, ಕೆಳಗೆ ಇಳಿಯಿತು. "ಇನ್ನೊಂದ್ ಸಾಲ್ ಇತ್ತ್."